ಅಕ್ಕ ಹೇಳಿದ ಸಮಾಧಾನ

ಹೊಲಿಗೆ ಅಂಗಡಿಯ ಅಕ್ಕನ ಬಾಯಿಗೆ ಬೀಗವಿಲ್ಲವೆಂದು ಬೀದಿಗೆಲ್ಲ ಗೊತ್ತು. ಅಪ್ಪ ಬಿಟ್ಟುಹೋದ ಅಂಗಡಿ. ತಮ್ಮ ಬಟ್ಟೆ ಕತ್ತರಿಸುವುದು, ಅಕ್ಕ ಹೊಲಿಯುವುದು ಮೊದಲಿನಿಂದ ಬಂದ ಪದ್ಧತಿ. ಆ ತಮ್ಮ ಒಂದು ದಿನ ಹಾಸಿಗೆ ಹಿಡಿದ. ಜ್ವರವಿಲ್ಲ, ನೋವಿಲ್ಲ, ಏಳಲಾರ, ಅಷ್ಟೆ. "ಮೈಗಳ್ಳ, ಏಳೋ!" ಎಂದು ಅಕ್ಕ ಕೆಲವು ವಾರ ಹರಿಹಾಯ್ದಳು. ಇದು ಖಿನ್ನತೆ, ಸೋಮಾರಿತನವಲ್ಲ ಎಂದು ಡಾಕ್ಟರು ಹೇಳಿದಾಗ, ಬೈದದ್ದೆಲ್ಲ ಅವಳ ಎದೆಗೇ ವಾಪಸ್ಸು ಬಂದು ಚುಚ್ಚಿತು.

ಅಂದಿನಿಂದ ಬೆಣ್ಣೆಯಾದಳು ನೋಡಿ. ತಟ್ಟೆ ತೊಳೆಯಬೇಡ, ಬಾಗಿಲು ತೆಗೆಯಬೇಡ, ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡ. ಅಂಗಡಿಗೆ ಬೇರೆ ಕಟಿಂಗ್ ಮಾಸ್ಟರನ್ನೂ ಇಟ್ಟಳು. ಪಕ್ಕದ ಫೋಟೋ ಸ್ಟುಡಿಯೋದವನು, ತಮ್ಮನ ಬಾಲ್ಯದ ಗೆಳೆಯ, ಸಂಜೆ ಬಂದು ನಾಲ್ಕು ಜೋಕು ಹೇಳಿ, ತಾನೇ ನಕ್ಕು, ಪೆಚ್ಚಾಗಿ ಹೋಗುತ್ತಿದ್ದ. ಹೇಗನ್ನಿಸುತ್ತಿದೆ ಎಂದು ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಕೇಳಲು ಇಬ್ಬರಿಗೂ ಭಯ.

ಹೀಗಿರುವಾಗ ಒಂದು ಬೆಳಿಗ್ಗೆ ತಮ್ಮ ತಾನಾಗಿಯೇ ಗಡ್ಡ ಬೋಳಿಸಿಕೊಂಡು ಅಂಗಡಿಗೆ ಬಂದ. ಟೇಬಲ್ಲಿನ ಮೇಲೆ ನೀಲಿ ಷರ್ಟಿನ ಬಟ್ಟೆ ಹಾಸಿತ್ತು. ಮಾಸ್ಟರ್ ಪಕ್ಕಕ್ಕೆ ಸರಿದ. ತಮ್ಮ ಬಟ್ಟೆಯ ಸುಕ್ಕು ಸವರಿ, ಸೀಮೆಸುಣ್ಣದ ಗೆರೆ ನೋಡಿ, ಕತ್ತರಿ ಎತ್ತಿಕೊಂಡ. ಗೆರೆಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಅಕ್ಕನಿಗೆ ನೋಡಲಾಗಲಿಲ್ಲ. ಎದ್ದುಬಂದು ಕತ್ತರಿ ಇಸಿದುಕೊಂಡಳು.

"ನಿನಗ್ಯಾಕೋ ಈ ಕಷ್ಟ? ನೀನಿಲ್ದಿದ್ರೂ ಎಲ್ಲ ಸಲೀಸಾಗಿ ನಡೀತಿದೆ. ಹೋಗಿ ಆರಾಮಾಗಿ ಮಲಕ್ಕೋ, ನನ್ನಪ್ಪ."

ತಮ್ಮ ನಕ್ಕ. "ಹೌದಲ್ಲ" ಎಂದು ಹೊರಟುಹೋದ.

ನಕ್ಕನಲ್ಲ! ಎಷ್ಟು ತಿಂಗಳಾಗಿತ್ತೋ ಆ ನಗು ಕಂಡು. ಅಕ್ಕ ಹಿಗ್ಗಿ ಹೀರೇಕಾಯಿಯಾಗಿ ಸ್ಟುಡಿಯೋಗೆ ಓಡಿ ಸುದ್ದಿ ಮುಟ್ಟಿಸಿದಳು. ಗೆಳೆಯ ಮಾತ್ರ ನಗಲಿಲ್ಲ.

"ನೀವೇನಂದ್ರಿ ಅಕ್ಕ ಅವನಿಗೆ?"

ಅಂದದ್ದನ್ನೇ ಮತ್ತೆ ಅಂದಳು. ಈ ಸಲ ಮಾತು ಅವಳ ಕಿವಿಗೂ ಬಿತ್ತು. ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಮನೆಗೆ ಓಡಿದರು. ಪ್ರೀತಿಯಿಂದಲೇ ಆಡಿದ ಮಾತು, ನಿಜ. ಆದರೆ ತಾನಾಗಿ ಎದ್ದು ಬಂದವನನ್ನು ಕೈಯಾರೆ ವಾಪಸ್ಸು ಅಟ್ಟಿದವಳು ತಾನೇ ಅಲ್ಲವೇ?

ತಮ್ಮ ಹಾಸಿಗೆಯ ಅಂಚಿನಲ್ಲಿ ಕೂತಿದ್ದ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅವನ ಕಾಲ ಬಳಿ ಕುಸಿದು ಕೂತು, ಇಷ್ಟು ದಿನ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಸಾಯ್ಬೇಕು ಅನ್ಸುತ್ತೇನೋ?"

"ಅನ್ಸುತ್ತೆ."

ಗೆಳೆಯ ಬಾಗಿಲಲ್ಲೇ ನಿಂತು ಡಾಕ್ಟರಿಗೆ ಫೋನು ಹಚ್ಚಿದ. ಅಕ್ಕ ತಮ್ಮನ ಎರಡೂ ಕೈ ಹಿಡಿದುಕೊಂಡಳು.

"ಇವತ್ತೂನಾ?"

ತಮ್ಮ ಸ್ವಲ್ಪ ಯೋಚಿಸಿದ. ಅವಳನ್ನು ನೋಯಿಸುವ ಇರಾದೆ ಅವನಿಗಿರಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿದ.

"ಬೆಳಿಗ್ಗೆ ಅನ್ಸಿರ್ಲಿಲ್ಲ ಅಕ್ಕ. ಅಂಗಡಿಗೆ ಬಂದ್ಮೇಲೆ ಅನ್ಸ್ತು."