ಭಾನುವಾರ ಗುಬ್ಬಿ ಹೋಗಲ್ಲ

ಪುಟ್ಟ ಗುಬ್ಬಿಯ ಕೈಯಿಂದ ಗುಂಡಿಯ ಡಬ್ಬಿ ಜಾರಿತು. ಮನೆತುಂಬ ಗುಂಡಿಗಳೇ ಗುಂಡಿಗಳು! ಕಣ್ಣು ಮಿಟುಕಿಸುವಷ್ಟರಲ್ಲಿ ಅವಳು ಹೊಲಿಗೆ ಯಂತ್ರದ ಕೆಳಗೆ ಸೇರಿ ತಲೆ ಮುಚ್ಚಿಕೊಂಡಿದ್ದಳು.

"ಅಯ್ಯೋ ನನ್ನ ಬಂಗಾರ, ಗುಂಡಿ ತಾನೇ? ಬಾ, ಇಬ್ಬರೂ ಆರಿಸೋಣ," ಎಂದಳು ಟೈಲರ್ ಅಜ್ಜಿ. ಮಗು ಬರಲಿಲ್ಲ.

ಗುಬ್ಬಿ ತಾಯಿಯಿಲ್ಲದ ಮಗು. ಅಪ್ಪ ಹೊಡೆದು ತೋಳು ಮುರಿದ ಮೇಲೆ ಅಜ್ಜಿಯ ಹತ್ತಿರವೇ ಇದ್ದಾಳೆ. ಮೊನ್ನೆಯಷ್ಟೇ ತೋಳಿನ ಪಟ್ಟಿ ಬಿಚ್ಚಿದ್ದಾರೆ. ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವನು ಫೋನ್ ಮಾಡಿದ್ದ. ಅಜ್ಜಿ ಹೂಂ ಅಂದುಬಿಟ್ಟಿದ್ದಳು. ಅವನೂ ಅವಳು ಹೆತ್ತ ಮಗನೇ, ಏನು ಮಾಡುವುದು ಹೇಳಿ!

ಮಗು ಅಪ್ಪನ ಮನೆಗೆ ವಾಪಸ್ ಹೋಗಬಹುದೇ ಎಂದು ನೋಡಲು ಅವತ್ತೇ ಮಕ್ಕಳ ರಕ್ಷಣೆಯ ಕಾರ್ಯಕರ್ತೆ ಬಂದಿದ್ದಳು.

"ಕಳಿಸಿಬಿಡಮ್ಮ. ನನ್ನ ಮಗ ಕೆಟ್ಟವನಲ್ಲ. ಕುಡಿದಾಗ ಮಾತ್ರ ಹಾಗೆ," ಎಂದಳು ಅಜ್ಜಿ.

"ಕುಡಿಯೋದು ಬಿಟ್ಟಿದ್ದಾರಾ ಅಜ್ಜಿ?"

"ಬಿಡ್ತೀನಿ ಅಂದಿದ್ದಾನೆ. ಎಷ್ಟು ಅತ್ತ ಗೊತ್ತಾ? ನಾಟಕ ಅಲ್ಲ ಕಣಮ್ಮ. ಹೋದ ಸಲಾನೂ ಹೀಗೇ ನನ್ನ ಕಾಲು ಹಿಡ್ಕೊಂಡು ಬಿಕ್ಕಿ ಬಿಕ್ಕಿ..."

ಹೋದ ಸಲದ ವಿಷಯವನ್ನು ಅಜ್ಜಿ ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಕಾರ್ಯಕರ್ತೆ ಗದರಲಿಲ್ಲ. "ಕಣ್ಣೀರು ನಿಜವೇ ಇರಬಹುದು ಅಜ್ಜಿ. ಆದ್ರೆ ಮಗು ಮತ್ತೆ ಪೆಟ್ಟು ತಿನ್ನುತ್ತಾ ಅಂತ ತಿಳಿಯೋಕೆ ಅದು ಸಾಲದು. ಹಿಂದೆಯೂ ಹೊಡೆದಿದ್ದಾರಾ, ಪೆಟ್ಟು ಜೋರಾಗ್ತಾ ಬಂತಾ, ಕುಡಿತ ನಿಂತಿದೆಯಾ, ಆ ಮನೇಲಿ ಅಡ್ಡ ಬರೋರು ಯಾರಾದ್ರೂ ಇದ್ದಾರಾ, ಎಲ್ಲಾ ನೋಡ್ಬೇಕು."

"ಹೋದ ಸಲ ಬರೀ ಬಾಸುಂಡೆ," ಎಂದಳು ಅಜ್ಜಿ ಸಣ್ಣ ದನಿಯಲ್ಲಿ. "ಈ ಸಲ ತೋಳು. ಅಡ್ಡ ಬರೋರು ಯಾರೂ ಇಲ್ಲ. ಆದ್ರೂ ಕೇಳಿದ್ದಕ್ಕೆ ಮಗು ಹೋಗ್ತೀನಿ ಅಂತು."

"ಯಾವಾಗ ಕೇಳಿದ್ರಿ?"

"ಅವನು ಫೋನಲ್ಲಿ ಕೇಳಿಸ್ಕೊಳ್ತಿದ್ದಾಗ..."

ಕಾರ್ಯಕರ್ತೆ ನೆಲದ ಮೇಲೆ ಕುಳಿತು ಗುಂಡಿ ಆರಿಸತೊಡಗಿದಳು. ಆರಿಸುತ್ತಲೇ ಯಂತ್ರದ ಕಡೆಗೆ ಬಗ್ಗಿ ಕೇಳಿದಳು: "ಪುಟ್ಟಿ, ಅಪ್ಪ ಮನೆಗೆ ಬಂದಾಗ ನೀನು ಎಲ್ಲಿರ್ತಿದ್ದೆ?"

"ಮಂಚದ ಕೆಳಗೆ."

"ಅಪ್ಪ ತಪ್ಪಾಯ್ತು ಅಂದ ಮೇಲೆ?"

"ಆಗ್ಲೂ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ಎತ್ತಿದಳು. "ಮಗನೇ, ಭಾನುವಾರ ಊಟಕ್ಕೆ ಬಾ. ನಾನು ನಿನ್ನ ಕೈಬಿಟ್ಟಿಲ್ಲ. ಗುಬ್ಬೀನ ಮಾತ್ರ ಕಳಿಸಲ್ಲ. ಮೊದಲು ಕುಡಿತ ಬಿಡೋ ಚಿಕಿತ್ಸೆಗೆ ಸೇರ್ಕೋ. ಈ ಮಕ್ಕಳ ರಕ್ಷಣೆಯವರು ಸರಿ ಅನ್ನೋ ತನಕ ಅವಳನ್ನ ನೋಡೋದಾದ್ರೆ ನನ್ನ ಕಣ್ಣೆದುರಿಗೇ."

ಆ ಕಡೆಯಿಂದ ಕೂಗಾಟ. ಅಜ್ಜಿ ಜಗ್ಗಲಿಲ್ಲ. ಬಹಳ ಹೊತ್ತಿನ ಮೇಲೆ ಸೋತ ದನಿ: "ಆಯ್ತಮ್ಮ. ಎಲ್ಲಿ ಸೇರ್ಬೇಕು ಅಂತ ಕೇಳು."

ಯಂತ್ರದ ಕೆಳಗಿನಿಂದ ಪುಟ್ಟ ತಲೆಯೊಂದು ಹೊರಬಂತು. "ಅಜ್ಜಿ, ಒಂದು ಗುಂಡಿ ಇಲ್ಲೇ ಇದೆ," ಎಂದು ಗುಬ್ಬಿ ತೆವಳಿ ಬಂದು ಅದನ್ನು ಅಜ್ಜಿಯ ಅಂಗೈಯಲ್ಲಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗು ಇದ್ದರೆ, ಹೋದ ಸಲದ ಮಾತನ್ನು ನುಂಗಿಕೊಳ್ಳಬೇಡಿ. ಮಕ್ಕಳ ಸಹಾಯವಾಣಿಗೆ ಹೇಳಿ. ಹೊಡೆದವರ ಎದುರಿಗೆ ಮಗುವನ್ನು ಕೇಳಬೇಡಿ, ಬೇರೆಯಾಗಿ, ಮೆಲ್ಲಗೆ ಕೇಳಿ. ಅದು "ಹೋಗ್ತೀನಿ" ಅಂದರೂ, ಎಲ್ಲಿ ಅಡಗಿಕೊಳ್ಳುತ್ತದೆ ಎಂದು ಒಮ್ಮೆ ನೋಡಿ.