ತಲೆ ತಗ್ಗಿಸಿದ ಕುರಿ

ಐಲ್ಸಾ ಮೂರನೆಯ ಪೆಟ್ಟಿಗೆಯನ್ನೂ ಎತ್ತಿ ಬೋರಲು ಹಾಕಿದಳು. ಇದರಲ್ಲೂ ಅದೇ. ಚಿತ್ರ ಜೋಡಿಸುವ ಆಟದ ರಟ್ಟಿನ ತುಣುಕುಗಳು ಸರಸರ ಸುರಿದು ಜಮಖಾನೆಯ ತುಂಬ ಹರಡಿಕೊಂಡವು. ಅರ್ಧ ಆಕಾಶ, ಹಾಯಿದೋಣಿಯೊಂದರ ಮೂತಿ, ಯಾವುದೋ ಕೋಟೆಯ ಬಾಗಿಲು. ಅವಳ ಬೆನ್ನ ಹಿಂದೆ ಕ್ರಿಸ್‌ಮಸ್ ಗೊಂಬೆಗಳನ್ನು ಜೋಡಿಸಲೆಂದು ಒರೆಸಿಟ್ಟ, ಅಗ್ಗಿಷ್ಟಿಕೆಯ ಮೇಲಿನ ಬಿಳಿಗಲ್ಲಿನ ಹಲಗೆ ಖಾಲಿ ಬಿದ್ದಿತ್ತು.

"ಡಂಕನ್," ಎಂದು ಕರೆದಳು.

ದನಿ ಏರಿಸಲಿಲ್ಲ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಡಂಕನ್ ಕಲಿತ ಪಾಠವೆಂದರೆ, ಹೆಂಡತಿ ದನಿ ಏರಿಸದೆ ಕರೆದಾಗ ಓಡಿ ಬರಬೇಕು. ತೋಟದ ಬೂಟನ್ನು ಬಾಗಿಲಲ್ಲೇ ಕಳಚಿ, ಆಗಷ್ಟೇ ಅಗೆದ ಎಳೆ ಆಲೂಗಡ್ಡೆಗಳನ್ನು ಮಣ್ಣು ಸಮೇತ ಹಿಡಿದುಕೊಂಡೇ ಬಂದು ನಿಂತ.

"ಮಾರ್ಚ್ ತಿಂಗಳಲ್ಲಿ ಚರ್ಚಿನ ಅಂಗಡಿಗೆ ಕೊಟ್ಟು ಬಾ ಅಂತ ಒಂದು ಪೆಟ್ಟಿಗೆ ಹೇಳಿದ್ದೆ. ಯಾವುದನ್ನ ಕೊಟ್ಟೆ?"

"ಬಾಳೆಹಣ್ಣಿನ ಪೆಟ್ಟಿಗೆ."

"ಯಾವ ಬಾಳೆಹಣ್ಣಿನ ಪೆಟ್ಟಿಗೆ?"

ಡಂಕನ್ ಕೈಯಲ್ಲಿದ್ದ ಆಲೂಗಡ್ಡೆಗಳನ್ನು ನೋಡಿದ.

ಓಮರೂ ಊರಿನಲ್ಲಿ ಯಾರೂ ಪೆಟ್ಟಿಗೆಯನ್ನು ಕೊಂಡವರಲ್ಲ. ದೊಡ್ಡ ಅಂಗಡಿಯ ಹಿಂಬಾಗಿಲಲ್ಲಿ ಬಾಳೆಹಣ್ಣು ಬಂದಿಳಿದ ರಟ್ಟಿನ ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಗಟ್ಟಿಯಾದ ಮುಚ್ಚಳ, ಎರಡೂ ಕಡೆ ಕೈ ತೂರಿಸಲು ಕಿಂಡಿ. ಸತ್ತವರ ಕೋಟುಗಳು, ಜಾಮಿನ ಸೀಸೆಗಳು, ಮಕ್ಕಳ ಹಳೆಯ ಶಾಲೆ ಪುಸ್ತಕ, ಎಲ್ಲವೂ ಅದರಲ್ಲೇ. ಮುಚ್ಚಳದ ಮೇಲೆ ಏನಿದೆಯೆಂದು ಬರೆಯಬೇಕು ಎಂದು ಐಲ್ಸಾ ಪ್ರತಿ ಜನವರಿಯಲ್ಲೂ ಅಂದುಕೊಳ್ಳುತ್ತಿದ್ದಳು. ಬರೆದದ್ದೇ ಇಲ್ಲ. ಹೀಗಾಗಿ ತುಣುಕು ಕಳೆದುಹೋದ ಆಟಗಳು ಮನೆಯಲ್ಲೇ ಉಳಿದವು. ಕ್ರಿಸ್‌ಮಸ್ ಸಾಮಾನು ಅಂಗಡಿಗೆ ಹೋಯಿತು.

ಆ ಗೊಂಬೆಗಳಲ್ಲಿ ಮೇಣದ ಹಾಡುಗಾರ ಹುಡುಗರು ಹೋದದ್ದಕ್ಕೆ ಅವಳಿಗೆ ದುಃಖವಿರಲಿಲ್ಲ. ಡಿಸೆಂಬರ್ ಅಂದರೆ ಓಮರೂವಿಗೆ ನಡುಬೇಸಿಗೆ, ಆ ಬಿಸಿಲಿಗೆ ಅವರು ವರ್ಷ ವರ್ಷವೂ ಕುಡಿದವರಂತೆ ವಾಲುತ್ತಿದ್ದರು. ಹಿತ್ತಾಳೆ ಗಂಟೆ, ಒಂದು ರೆಕ್ಕೆಯ ದೇವದೂತ, ಬಣ್ಣ ಹೋದ ಮೂವರು ರಾಜರು, ಇವೆಲ್ಲ ಅದೇ ಅಂಗಡಿಯಿಂದಲೇ ಬಂದವು. ತವರಿಗೆ ಹೋಗಿವೆ ಅಂದುಕೊಂಡರಾಯಿತು. ಆದರೆ ಕುರಿ?

ಕುರಿಯನ್ನು ಮಾಡಿದವನು ತಮ್ಮ ಆಂಗಸ್. ಏಳು ವರ್ಷದವನಿದ್ದಾಗ ಶಾಲೆಯಲ್ಲಿ ಜೇಡಿಮಣ್ಣಿನಿಂದ ಮಾಡಿ, ಸುಟ್ಟು ತಂದದ್ದು. ಕಿವಿಗಳೇ ಇಲ್ಲ. ತಲೆ ತಗ್ಗಿಸಿ ಹುಲ್ಲು ಮೇಯುವಂತಿತ್ತು. ಮುಂಗಾಲೊಂದು ಗಿಡ್ಡ, ಅದರಡಿ ಐಲ್ಸಾ ರಟ್ಟಿನ ಚೂರು ಅಂಟಿಸಿದ್ದಳು. ಆದರೂ ಮುಗ್ಗರಿಸುತ್ತಿತ್ತು. ಅದಕ್ಕೇ ಕ್ರಿಸ್‌ಮಸ್ ಕೊಟ್ಟಿಗೆಯ ಗೋದಲಿಗೆ ಒರಗಿಸಿ ನಿಲ್ಲಿಸುವುದು. ಆ ಮೊದಲ ವರ್ಷ ಆಂಗಸ್ ಅದನ್ನು ಒಯ್ದು ಹಲಗೆಯ ಆ ಕೊನೆಯಲ್ಲಿ ಒಂಟಿಯಾಗಿ ಇಟ್ಟಿದ್ದ. ಹನ್ನೆರಡು ವರ್ಷದ ಅಕ್ಕ, ಒಂಟಿ ಕುರಿ ದಾರಿ ತಪ್ಪುತ್ತೆ ಕಣೋ ಎಂದು ಎತ್ತಿ ತಂದು ಗೋದಲಿಗೆ ಒರಗಿಸಿದಳು. ಮರುವರ್ಷವೂ ಅವನು ಕೊನೆಗೆ ಇಟ್ಟ, ಅವಳು ತಂದಳು. ಮೂರನೆಯ ವರ್ಷದಿಂದ ಅವನು ಇಡುವುದನ್ನೇ ಬಿಟ್ಟ.

ಈಗ ಅವನು ಸಮುದ್ರದಾಚೆ ಪರ್ತ್‌ನಲ್ಲಿದ್ದಾನೆ. ಪ್ರತಿ ಕ್ರಿಸ್‌ಮಸ್‌ಗೂ ಫೋನು ಮಾಡಿ, ಹೇಗಿದ್ದೀಯ ಎನ್ನುವ ಮೊದಲೇ "ನಿಂತಿದೆಯಾ?" ಎಂದು ಕೇಳುತ್ತಾನೆ. ಈ ಸಲ ಫೋನಿಲ್ಲ. ಹನ್ನೊಂದು ವರ್ಷದ ಮೇಲೆ ಅವನೇ ಬರುತ್ತಿದ್ದಾನೆ, ಇಪ್ಪತ್ತೆರಡಕ್ಕೆ. ಒಳಗೆ ಬಂದವನು ಮೊದಲು ನೋಡುವುದೇ ಆ ಹಲಗೆಯನ್ನು. ಅಷ್ಟರಲ್ಲಿ ಕುರಿ ಸಿಗಲೇಬೇಕು.

ಚರ್ಚಿನ ಹಳೆ ಸಾಮಾನಿನ ಅಂಗಡಿಯನ್ನು ನೋಡಿಕೊಳ್ಳುವವಳು ಗ್ವೆಂಡಾ, ಐಲ್ಸಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಕ್ರಿಸ್‌ಮಸ್ ಸಾಮಾನನ್ನು ಅವಳು ವರ್ಷವಿಡೀ ಹಿಂದಿನ ಕೋಣೆಯಲ್ಲಿ ಕೂಡಿಟ್ಟು, ನವೆಂಬರಿನ ಕೊನೆಯ ಶನಿವಾರ ಒಟ್ಟಿಗೆ ಹೊರಗಿಡುತ್ತಾಳೆ. ಆ ಬೆಳಿಗ್ಗೆ ಐಲ್ಸಾ ಹಲ್ಲು ಕೀಳಿಸಿಕೊಳ್ಳುತ್ತಿದ್ದಳು. ಹನ್ನೊಂದು ಗಂಟೆಗೆಲ್ಲ ಮೇಜು ಖಾಲಿಯಾಗಿತ್ತಂತೆ. ಕುರಿಯ ನೆನಪು ಗ್ವೆಂಡಾಗೆ ಚೆನ್ನಾಗಿಯೇ ಇತ್ತು, ಕೊಂಡವರ ನೆನಪೂ ಇತ್ತು. ಬಾಯಿ ಮಾತ್ರ ಬಿಡಲಿಲ್ಲ.

"ಮಾರಿದ ಮೇಲೆ ಯಾರು ತಗೊಂಡ್ರು ಅಂತ ಹೇಳೋ ಹಾಗಿಲ್ಲ," ಎಂದಳು.

"ಗ್ವೆಂಡಾ, ಅದು ನನ್ನ ತಮ್ಮಂದು ಕಣೇ."

"ಇರಬಹುದು. ನಿಯಮ ಮಾಡ್ದೋಳು ನೀನೇ. ಗೋಡೆ ಮೇಲೆ ಬರೆದೋಳೂ ನೀನೇ. ಅಕ್ಷರ ನೋಡು, ನಿನ್ನದೇ."

ಹೌದು, ಅವಳದೇ. ಅತ್ತೆ ಕೊಟ್ಟ ಚಹಾ ಬಟ್ಟಲುಗಳನ್ನು ಸೊಸೆಯೊಬ್ಬಳು ಅಂಗಡಿಗೆ ದಾಟಿಸಿ, ಅವನ್ನು ಅತ್ತೆಯ ತಂಗಿಯೇ ಕೊಂಡು, ಊರಲ್ಲಿ ಎರಡು ಮನೆಗಳ ಮಾತು ನಿಂತುಹೋದ ವರ್ಷ ಐಲ್ಸಾ ಆ ನಿಯಮ ಬರೆದು ಅಂಟಿಸಿದ್ದಳು. ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದಳು.

ಗ್ವೆಂಡಾ ಒಂದು ಟೀ ಮಾಡಿಕೊಟ್ಟಳು. ಕೊಡುತ್ತ, ಈ ಭಾನುವಾರ ಹಲಗೆ ನೋಡೋಕೆ ಹೋಗೋದು ತಪ್ಪಿಸಬೇಡ ಎಂದಳು. ಅಷ್ಟಂದರೆ ನಿಯಮ ಮುರಿದಂತಾಗಲಿಲ್ಲ.

ಡಿಸೆಂಬರಿನ ಎರಡನೆಯ ಭಾನುವಾರ ಪೂಜೆ ಮುಗಿದ ಮೇಲೆ, ಚರ್ಚಿನವರು ಮನೆಯಿಂದ ಮನೆಗೆ ಹೋಗಿ ಒಬ್ಬರು ಸಿಂಗರಿಸಿದ ಹಲಗೆಯನ್ನು ಇನ್ನೊಬ್ಬರು ನೋಡುತ್ತಾರೆ. ಮುಟ್ಟುವಂತಿಲ್ಲ. ಗೇಟು ದಾಟುವ ತನಕ ಟೀಕಿಸುವಂತಿಲ್ಲ. ಪ್ರತಿ ಮನೆಯಲ್ಲೂ ಏನಾದರೂ ತಿನ್ನಲೇಬೇಕು. ಮೂವತ್ತು ವರ್ಷ ಇದರಿಂದ ನುಣುಚಿಕೊಂಡಿದ್ದ ಡಂಕನ್, ಈ ಸಲ ಹೇಳಿಸಿಕೊಳ್ಳದೆ ಶುಭ್ರ ಅಂಗಿ ತೊಟ್ಟು, ಕೇಕಿನ ಡಬ್ಬಿ ಹೊತ್ತು ಹಿಂದೆ ನಡೆದ. ಬಿಸಿಲು ನೆತ್ತಿ ಸುಡುತ್ತಿತ್ತು. ಅವನ ಕತ್ತು ಕೆಂಪಾಗುತ್ತಿದ್ದುದನ್ನು ನೋಡಿ ಐಲ್ಸಾಗೆ ಒಂದಿಷ್ಟು ಸಮಾಧಾನವಾಯಿತು.

ಎರಡನೆಯ ಮನೆಯಲ್ಲೇ ಅವಳ ಹಾಡುಗಾರ ಹುಡುಗರು ಸಿಕ್ಕರು. ಸೈನಿಕರಂತೆ ನೆಟ್ಟಗೆ ನಿಂತಿದ್ದರು. ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು, ನೀವು ಗೇಟು ತೆಗೆದ ಸದ್ದು ಕೇಳಿದ ಮೇಲೆ ತಂದಿಟ್ಟೆ ಎಂದಳು ಆ ಮನೆಯಾಕೆ. ಇಷ್ಟು ವರ್ಷ ತನಗೇಕೆ ಹೊಳೆಯಲಿಲ್ಲವೋ ಎಂದು ಐಲ್ಸಾಗೆ ಹೊಟ್ಟೆಕಿಚ್ಚಾಯಿತು. ನಾಲ್ಕನೆಯ ಮನೆಯಲ್ಲಿ ಗಂಟೆ, ಐದನೆಯದರಲ್ಲಿ ಇಬ್ಬರು ರಾಜರು. ಮೂರನೆಯ ರಾಜ ಎಲ್ಲಿ ಹೋದನೋ. ರಾಜರ ಬಳಿ ಯಾರೋ ಒಂದು ಆಟದ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ರಾಜರು ಏರಿಬಂದ ಒಂಟೆಗಿಂತ ಅದೇ ವಾಸಿ ಎನಿಸಿತು. ತನ್ನ ಸಾಮಾನು ಊರೆಲ್ಲ ನೆಂಟರ ಮನೆಗೆ ಹೋದಂತೆ ಹೋಗಿ ಕೂತಿದೆ, ಗೆಲುವಾಗಿಯೇ ಇದೆ. ಆದರೆ ಏಳು ಮನೆ ಮುಗಿದರೂ ಕುರಿ ಸಿಕ್ಕಲಿಲ್ಲ. ಉಳಿದದ್ದು ಒಂದೇ ಮನೆ.

ಅದು ರೈಲು ಹಳಿಯ ಪಕ್ಕದ ಸಣ್ಣ ಮನೆ. ನಾರ್ಮನ್ ಟ್ವೀಡಿ ಎನ್ನುವವನು ಕಳೆದ ಚಳಿಗಾಲ ಬಂದು ಸೇರಿದ್ದ. ಐವತ್ತು ವರ್ಷ ಮೇಲಿನ ಬೆಟ್ಟಗಳಲ್ಲಿ ಸಾವಿರಗಟ್ಟಲೆ ಕುರಿ ಹೊಡೆದುಕೊಂಡು ಬಂದವನು, ಮಂಡಿ ಕೈಕೊಟ್ಟ ಮೇಲೆ ಕೆಳಗಿಳಿದಿದ್ದ. ಚರ್ಚಿಗೆ ಬಂದರೆ ಹಿಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಮೊದಲೇ ಎದ್ದು ಹೋಗುತ್ತಿದ್ದ. ಹಲಗೆ ನೋಡುವ ಪಟ್ಟಿಗೆ ಅವನಾಗಿಯೇ ಹೆಸರು ಬರೆದಾಗ ಎಲ್ಲರಿಗೂ ಆಶ್ಚರ್ಯ. ಇವತ್ತು ಒಗೆದ ಅಂಗಿಗೆ ಕೊರಳ ತನಕ ಗುಂಡಿ ಹಾಕಿ, ಬಾಗಿಲಲ್ಲೇ ಕಾಯುತ್ತಿದ್ದ. ತಟ್ಟೆಯಲ್ಲಿ ತಣ್ಣಗಿನ ಕುರಿಮಾಂಸದ ಚೂರುಗಳು.

ಅವನ ಹಲಗೆ ಕಲ್ಲಿನದಲ್ಲ, ರೈಲು ಹಳಿಯಡಿ ಹಾಕುವ ಹಳೆಯ ಮರದ ದಿಮ್ಮಿ. ಅದರ ಮೇಲೆ ಗೋದಲಿಯಿಲ್ಲ, ದೇವದೂತನಿಲ್ಲ. ಎಡಕ್ಕೆ ಒಂದು ಪುಟ್ಟ ಹಸಿರು ಮರ. ಅದರಡಿ ಮೂರು ಕುರಿಗಳು ಒತ್ತಿಕೊಂಡು ನಿಂತಿದ್ದವು. ಒಂದು ಪ್ಲಾಸ್ಟಿಕ್ಕಿನದು, ಒಂದು ಹತ್ತಿಯದು, ಒಂದು ನಿಜಕ್ಕೂ ಕುರಿಯಾಕಾರದ ಉಪ್ಪಿನ ಡಬ್ಬಿ. ಆಮೇಲೆ ಬರೀ ಖಾಲಿ ದಿಮ್ಮಿ, ಒಂದು ಮಾರು ಉದ್ದ. ಬಲ ತುದಿಯಲ್ಲಿ, ಒಂಟಿಯಾಗಿ, ಆಂಗಸನ ಕುರಿ.

ಐಲ್ಸಾ ಡಂಕನ್‌ನ ತೋಳು ಹಿಡಿದುಕೊಂಡಳು.

ಗ್ವೆಂಡಾ ಏನೂ ಅರಿಯದವಳಂತೆ, ಆ ಒಂದು ಕುರಿ ಯಾಕೆ ಅಷ್ಟು ದೂರ ನಿಂತಿದೆ ಎಂದು ಕೇಳಿದಳು.

"ಯಾವ ಕುರಿ?" ಎಂದ ಟ್ವೀಡಿ. "ಅದು ನಾಯಿ."

ಎಲ್ಲರೂ ಬಗ್ಗಿ ನೋಡಿದರು. ತನ್ನನ್ನು ನಂಬುತ್ತಿಲ್ಲವೆಂದು ತಿಳಿದು ಅವನ ಮುಖ ಕೆಂಪಾಯಿತು.

"ಕುರಿ ಕಾಯೋದ್ರಲ್ಲಿ ಬೊಗಳೋ ನಾಯಿ ಬೇರೆ, ಇದು ಬೊಗಳದ್ದು. ಕಣ್ಣಲ್ಲೇ ಕುರಿ ನಿಲ್ಲಿಸುತ್ತೆ. ತಲೆ ಹೇಗೆ ಇಳಿಸಿದೆ ನೋಡಿ. ಕಿವಿ ಇಲ್ಲ ಅಂತೀರಾ? ಇದೆ, ಹಿಂದಕ್ಕೆ ಅಂಟಿಸ್ಕೊಂಡಿದೆ. ಈ ಕಾಲು ಗಿಡ್ಡ ಅಲ್ಲ, ಎತ್ತಿರೋದು. ಮುಂದಿನ ಹೆಜ್ಜೆ ಇಡಬೇಕೋ ಬೇಡ್ವೋ ಅಂತ ತಡೀತಾ ಇದೆ."

ಯಾವನೋ ತಿಳಿಗೇಡಿ ಆ ಕಾಲಿನಡಿ ರಟ್ಟು ಅಂಟಿಸಿದ್ದನಂತೆ. ಅದನ್ನು ಕಿತ್ತು ಹಾಕಿದ ಮೇಲೆ ಮೂರು ಕಾಲಿನ ಮೇಲೆ ಬಂಡೆಯಂತೆ ನಿಂತಿತಂತೆ. ದಿಮ್ಮಿಯನ್ನು ಅಂಗೈಯಿಂದ ಗುದ್ದಿ ತೋರಿಸಿದ. ಉಪ್ಪಿನ ಡಬ್ಬಿ ಅಲುಗಿತು, ನಾಯಿ ಅಲುಗಲಿಲ್ಲ.

"ಮಾಡಿದವನಿಗೆ ನಾಯಿ ಅಂದ್ರೆ ಏನು ಅಂತ ಗೊತ್ತಿತ್ತು," ಎಂದ.

ಆಂಗಸ್ ಮೂರು ವರ್ಷ ನಾಯಿ ಕೇಳಿದ್ದ. ಹುಟ್ಟುಹಬ್ಬಕ್ಕೆ ಕೇಳಿದ, ಕ್ರಿಸ್‌ಮಸ್‌ಗೆ ಕೇಳಿದ, ಹಲ್ಲು ಬಿದ್ದಾಗ ಕೇಳಿದ. ಪೇಟೆಮನೆಯಲ್ಲಿ ನಾಯಿ ಬೇಡ ಎಂದು ಅಪ್ಪ ಅಂದ ಮೇಲೆ ಕೇಳುವುದನ್ನು ನಿಲ್ಲಿಸಿದ್ದ. ಐಲ್ಸಾಗೆ ಅದೆಲ್ಲ ನೆನಪಿತ್ತು. ಆ ನೆನಪನ್ನೂ ಈ ಮಣ್ಣಿನ ಗೊಂಬೆಯನ್ನೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ, ಅಷ್ಟೆ. ಅವನು ಅದನ್ನು ತುದಿಯಲ್ಲಿ ಇಟ್ಟಿದ್ದು ಕಾಯುವ ಕೆಲಸಕ್ಕೆ. ಅವಳು ಅದನ್ನು ಎತ್ತಿ ತಂದು ಗೋದಲಿಗೆ ಒರಗಿಸಿದಳು. ಐವತ್ತೈದು ವರ್ಷ. "ನಿಂತಿದೆಯಾ?" ಎಂದು ಅವನು ಫೋನಿನಲ್ಲಿ ಕೇಳುತ್ತಿದ್ದ, "ನಿಂತಿದೆ ಕಣೋ, ನಿನ್ನ ಕುರಿ," ಎಂದು ಅವಳು ನಗುತ್ತಿದ್ದಳು. ಅವನ ಬಾಯಲ್ಲಿ ಕುರಿ ಎನ್ನುವ ಮಾತು ಒಂದು ಸಲವಾದರೂ ಬಂದಿತ್ತೇ? ಎಷ್ಟು ನೆನೆದರೂ ಬರಲಿಲ್ಲ. ಅವಳಿಗೆ ನಗು ಉಕ್ಕಿತು. ತಡೆಯಲು ಒಂದು ಚೂರು ಮಾಂಸ ಬಾಯಿಗೆ ಹಾಕಿಕೊಂಡಳು.

"ಇಪ್ಪತ್ಮೂರಕ್ಕೆ ಸಂಜೆ ನೀವು ಮನೇಲಿರ್ತೀರಾ?" ಎಂದು ಟ್ವೀಡಿಯನ್ನು ಕೇಳಿದಳು.

"ಇನ್ನೆಲ್ಲಿಗೆ ಹೋಗ್ಲಿ ನಾನು?"

ಅಷ್ಟರಲ್ಲಿ ಡಂಕನ್‌ನ ತಾಳ್ಮೆಯ ಕಟ್ಟೆಯೊಡೆಯಿತು. ಕೇಕಿನ ಡಬ್ಬಿಯನ್ನು ಎದೆಗವಚಿಕೊಂಡು, ಪಾದ್ರಿಯ ಮುಂದೆ ತಪ್ಪೊಪ್ಪುವವನಂತೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟ: ಬಾಳೆಹಣ್ಣಿನ ಪೆಟ್ಟಿಗೆ, ಮಾರ್ಚ್ ತಿಂಗಳು, ಪರ್ತ್‌ನಿಂದ ಬರುತ್ತಿರುವ ಭಾವಮೈದುನ. ರಟ್ಟು ಅಂಟಿಸಿದ ತಿಳಿಗೇಡಿ ಯಾರೆಂಬುದನ್ನೂ ಬಿಡಲಿಲ್ಲ.

ಟ್ವೀಡಿ ಕೇಳಿಸಿಕೊಂಡ. ದಿಮ್ಮಿಯ ಬಳಿ ಹೋಗಿ, ಎರಡು ಬೆರಳಲ್ಲಿ ನಾಯಿಯನ್ನು ಎತ್ತಿದ. ಅಂಗಿಯ ತುದಿಯಿಂದ ಅದರ ಬೆನ್ನು ಒರೆಸಿದ. ಮರದಡಿ ಉಪ್ಪಿನ ಡಬ್ಬಿಯೂ ಉಳಿದೆರಡೂ ಏನೂ ತೋಚದಂತೆ ನಿಂತಿದ್ದವು. ಅವನು ಅತ್ತ ನೋಡದೆ ಐಲ್ಸಾಳ ಮುಂದೆ ಅಂಗೈ ಚಾಚಿದ.

"ತಗೊಳ್ಳಿ. ನಿಮ್ಮ ಮನೇದು."

"ಬೇಡ," ಎಂದಳು ಐಲ್ಸಾ. "ಅದು ಕೆಲಸದಲ್ಲಿದೆ, ಅಲ್ಲೇ ಇಡಿ; ಇಪ್ಪತ್ಮೂರಕ್ಕೆ ನನ್ನ ತಮ್ಮನ್ನೇ ಕರ್ಕೊಂಡು ಬರ್ತೀನಿ."