ಆರು ಗಂಟೆಯ ಆಟ

ನಾಲ್ಕು ವರ್ಷದ ಮಗಳಿಗೆ ಒಂದು ಒಳ್ಳೆಯ ಆಟದ ಆಪ್ ಹುಡುಕುವಷ್ಟರಲ್ಲಿ ದೇವನೂರಿನ ಶಿವರಂಜನಿಗೆ ಸಾಕು ಸಾಕಾಗಿ ಹೋಯಿತು. ಒಂದರಲ್ಲಿ ಎರಡು ಹಣ್ಣು ಜೋಡಿಸುವುದರೊಳಗೆ ರಮ್ಮಿ ಜಾಹೀರಾತು ನುಗ್ಗುತ್ತಿತ್ತು. ಇನ್ನೊಂದು, ಹಸುವಿಗೆ ಪಿಜ್ಜಾ ತಿನ್ನಿಸಿದರೂ "ಶಭಾಷ್" ಎನ್ನುತ್ತಿತ್ತು. ಮತ್ತೊಂದು ಬಾಯ್ತುಂಬ ಬಿಸಿ ಮುದ್ದೆ ಇಟ್ಟುಕೊಂಡವರ ಹಾಗೆ ಕನ್ನಡ ಮಾತಾಡುತ್ತಿತ್ತು. ಕೊನೆಗೆ ಅಕ್ಷರ ತಿದ್ದಿಸುವ ಒಂದನ್ನು ಉಳಿಸಿಕೊಂಡು ಮಿಕ್ಕವನ್ನೆಲ್ಲ ಕಿತ್ತು ಹಾಕಿದಳು.

ತಿಂಗಳಾದ ಮೇಲೆ ಆ ಆಪ್ ವರದಿ ಕಳಿಸಿತು: "ನಿಮ್ಮ ಮಗು 'ಭ'ವರೆಗೆ ಕಲಿತಿದೆ. ಅಭಿನಂದನೆಗಳು!" ಶಿವರಂಜನಿ ಹಿಗ್ಗಿ ಹೀರೇಕಾಯಿಯಾದಳು. ಮಗಳು ನಯನಳನ್ನು ಕರೆದು, 'ಅ' ತೋರಿಸಿ ಇದೇನೆಂದು ಕೇಳಿದಳು.

"ಬಸವನುಳ," ಎಂದಿತು ಮಗು.

ಶಿವರಂಜನಿಗೆ ಮೈಯೆಲ್ಲ ಉರಿದುಹೋಯಿತು. ವರದಿಯನ್ನು ಮತ್ತೆ ನೋಡಿದಳು. ಕಲಿತ ಹೊತ್ತು ದಿನವೂ ಬೆಳಿಗ್ಗೆ ಆರು ಗಂಟೆ ಎಂದಿತ್ತು. ಆ ಹೊತ್ತಿಗೆ ನಯನ ಮುಸುಕೆಳೆದು ಮಲಗಿರುತ್ತಾಳೆ. ಫೋನು ಮಾತ್ರ ಟಾರ್ಚಿನ ನೆಪದಲ್ಲಿ ಅತ್ತೆ ಮಂಗಳಮ್ಮನ ಜೊತೆ ಹಾಲಿನ ಡೈರಿಯ ಸಾಲಿನಲ್ಲಿ ನಿಂತಿರುತ್ತದೆ.

"ಅಂದ್ರೆ ನನ್ ಮಗಳಿಗೆ ಒಂದಕ್ಷರಾನೂ ಬರಲ್ಲ! ಈ ದರಿದ್ರಾನೂ ಕಿತ್ತಾಕ್ತೀನಿ," ಎಂದು ಶಿವರಂಜನಿ ಊರಿಗೆಲ್ಲ ಕೇಳುವಂತೆ ಕೂಗಿದಳು.

ಕೊಟ್ಟಿಗೆಯಲ್ಲಿದ್ದ ಮಂಗಳಮ್ಮ ಸಗಣಿ ಕೈಯಲ್ಲೇ ಓಡಿಬಂದರು.

"ಅದೊಂದ ತಗೀಬ್ಯಾಡ ಕಣವ್ವ," ಎಂದರು. "ಡೈರೀಲಿ ಇನ್ನೂವೆ ಎಬ್ಬೆಟ್ಟೇ ಒತ್ತೀನಿ. ನನ್ನೆಸರಿನ 'ಮ' ನಾಳೀಕೆ ಬತ್ತದೆ."